ಜನ ಸಿಗ್ತಿಲ್ಲ ಅಂತಾರೆ, ಕೆಲಸ ಸಿಗ್ತಿಲ್ಲ ಅಂತಾನೆ ನನ್ನ ತಮ್ಮ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಆಫೀಸಲ್ಲಿ ಕೆಲಸ ಮಾಡೋ ಹಾಗೆ ಮುಖ ಇಟ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ. ಇವತ್ತಿನ ಸಂಚಿಕೆಗೆ ನಾನು ಗೆಸ್ಟ್ ಕರೆದಿಲ್ಲ. ನಾನೇ ಸ್ವಲ್ಪ ಮಾತಾಡಬೇಕಿತ್ತು.

ಕೆಲವು ತಿಂಗಳ ಹಿಂದೆ ಒಂದೇ ದಿನ ನನಗೆ ಎರಡು ವಾಟ್ಸಾಪ್ ಬಂತು. ಒಂದು, ನನ್ನ ಹಳೇ ಸಹೋದ್ಯೋಗಿದು. ಅವಳು ಈಗಲೂ ರಿಕ್ರೂಟರ್. 'ಜಾವಾ, ಸ್ಪ್ರಿಂಗ್ ಬೂಟ್, ಐದರಿಂದ ಏಳು ವರ್ಷ ಅನುಭವ, ತಕ್ಷಣ ಸೇರೋರು ಬೇಕು. ಯಾರೂ ಸಿಗ್ತಿಲ್ಲ ಕಣೇ, ತಲೆ ಕೆಟ್ಟೋಗಿದೆ.' ಇನ್ನೊಂದು, ನನ್ನ ಚಿಕ್ಕಪ್ಪನ ಮಗನದು. ಊರು ಹಾವೇರಿ ಕಡೆ. 2023ರಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮುಗಿಸಿದಾನೆ. 'ಅಕ್ಕಾ, ಎಲ್ಲಾದ್ರೂ ರೆಫರ್ ಮಾಡು. ಏನಾದ್ರೂ ಸರಿ.' ಎರಡು ಮೆಸೇಜ್ ನಡುವೆ ನಲವತ್ತು ನಿಮಿಷವೂ ಇರಲಿಲ್ಲ.

ಒಂದು ಕಡೆ ಜನ ಇಲ್ಲ, ಇನ್ನೊಂದು ಕಡೆ ಕೆಲಸ ಇಲ್ಲ. ಇದು ಹೇಗೆ ಒಟ್ಟಿಗೆ ನಿಜ ಆಗುತ್ತೆ? ಇವತ್ತು ಇದೇ ವಿಷಯ.

ಮೊದಲು ನನ್ನ ಬಗ್ಗೆ ಎರಡು ಮಾತು, ಯಾಕಂದ್ರೆ ನಾನು ಐಟಿಯವಳಲ್ಲ. ಬಿಕಾಂ ಓದಿದ್ದು ದಾವಣಗೆರೆಯಲ್ಲಿ. ಕೋಡಿಂಗ್ ಒಂದು ಸಾಲು ಬರಲ್ಲ. ಆದ್ರೆ 2019ರಿಂದ ನಾಲ್ಕು ವರ್ಷ ಬೆಂಗಳೂರಲ್ಲಿ ಒಂದು ನೇಮಕಾತಿ ಏಜೆನ್ಸಿಯಲ್ಲಿ ಕೂತು ಐಟಿಯವರಿಗೆ ಫೋನ್ ಮಾಡೋದೇ ನನ್ನ ಕೆಲಸ ಆಗಿತ್ತು. 'ಹಾಯ್, ಆರ್ ಯೂ ಲುಕಿಂಗ್ ಫಾರ್ ಎ ಜಾಬ್ ಚೇಂಜ್?' ಅಂತ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬರುತ್ತಲ್ಲ, ಆ ಧ್ವನಿ ನಾನೇ. ಬೈದಿದ್ರೆ ಕ್ಷಮಿಸಿದ್ದೀನಿ.

ನಾನು ಆ ಕೆಲಸದ ಗರಿಷ್ಠ ಹುಚ್ಚು ನೋಡಿದ್ದು 2021 ಮತ್ತು 2022ರಲ್ಲಿ. ಕೋವಿಡ್ ಬಂದು ಜಗತ್ತಿನ ಎಲ್ಲ ಅಂಗಡಿ, ಬ್ಯಾಂಕು, ಆಸ್ಪತ್ರೆ ಆನ್‌ಲೈನ್ ಆಗಬೇಕಾಯ್ತು. ಅಮೆರಿಕದಲ್ಲಿ ಬಡ್ಡಿ ಶೂನ್ಯದ ಹತ್ತಿರ ಇತ್ತು, ಸ್ಟಾರ್ಟಪ್‌ಗಳಿಗೆ ದುಡ್ಡು ಸುರೀತಿತ್ತು. ಎಲ್ಲರಿಗೂ ಎಂಜಿನಿಯರ್ ಬೇಕು, ಇವತ್ತೇ ಬೇಕು. ಟಿಸಿಎಸ್ ಒಂದೇ ಕಂಪನಿ 2021-22ರ ಹಣಕಾಸು ವರ್ಷದಲ್ಲಿ ಬಿಟ್ಟುಹೋದವರನ್ನ ಕಳೆದ ಮೇಲೂ 1 ಲಕ್ಷಕ್ಕಿಂತ ಹೆಚ್ಚು ಜನರನ್ನ ಸೇರಿಸ್ಕೊಳ್ತು. ಇನ್ಫೋಸಿಸ್‌ನಲ್ಲಿ 2022ರ ಜೂನ್ ತ್ರೈಮಾಸಿಕದ ಹೊತ್ತಿಗೆ ಕೆಲಸ ಬಿಡೋರ ಪ್ರಮಾಣ 28.4 ಪರ್ಸೆಂಟ್ ಮುಟ್ತು. ಅಂದ್ರೆ ಹನ್ನೆರಡು ತಿಂಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಎದ್ದು ಹೋದ್ರು.

ನಮ್ಮ ಆಫೀಸಲ್ಲಿ ಆಗ ಒಂದು ಬಿಳಿ ಬೋರ್ಡ್ ಇತ್ತು. ಆಫರ್ ಕೊಟ್ಟವರ ಹೆಸರು ಒಂದು ಕಡೆ, ಸೇರಿದವರ ಹೆಸರು ಇನ್ನೊಂದು ಕಡೆ. ಒಂದು ತಿಂಗಳು ನಾನು ಹನ್ನೆರಡು ಆಫರ್ ಮಾಡಿಸಿದ್ದೆ. ಸೇರಿದ್ದು ನಾಲ್ಕು ಜನ. ಉಳಿದವರು ಏನಾದ್ರು? ಇಲ್ಲೇ ನೋಟಿಸ್ ಪೀರಿಯಡ್ ಅನ್ನೋ ವಿಚಿತ್ರ ಬರುತ್ತೆ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ನಮ್ಮ ದೇಶದ ಐಟಿಯಲ್ಲಿ ಬಹಳ ಕಡೆ 90 ದಿನದ ನೋಟಿಸ್. ಕಂಪನಿಗಳು ಇದನ್ನ ಇಟ್ಟಿದ್ದು ಜನ ಥಟ್ಟಂತ ಬಿಟ್ಟು ಹೋಗಬಾರದು ಅಂತ. ಆದ್ರೆ ಆಗಿದ್ದೇನು? ರಾಜೀನಾಮೆ ಕೊಟ್ಟು, ಕೈಯಲ್ಲಿ ಒಂದು ಆಫರ್ ಇಟ್ಕೊಂಡ ಹುಡುಗನಿಗೆ ಮೂರು ತಿಂಗಳು ಟೈಮ್ ಸಿಕ್ತು. ಮೂರು ತಿಂಗಳು ಅವನು ಸುಮ್ನೆ ಕೂತಿರ್ತಾನಾ? ಮೊದಲ ಆಫರ್ ತೋರಿಸಿ ಎರಡನೇದು, ಎರಡನೇದು ತೋರಿಸಿ ಮೂರನೇದು. ನನ್ನ ಪಟ್ಟಿಯಲ್ಲಿ ಒಬ್ಬ ಐದು ಆಫರ್ ಇಟ್ಕೊಂಡಿದ್ದ. ಸೇರೋ ದಿನ ಬೆಳಿಗ್ಗೆ ಫೋನ್ ಮಾಡಿದ್ರೆ ಸ್ವಿಚ್ ಆಫ್. ನಾನು ಅವತ್ತು ಅತ್ತಿದ್ದೆ, ಯಾಕಂದ್ರೆ ನನ್ನ ಇನ್ಸೆಂಟಿವ್ ಹೋಯ್ತು.

ಈಗ ಕಂಪನಿ ಕಡೆಯಿಂದ ನೋಡಿ. ಮೂರರಲ್ಲಿ ಇಬ್ಬರು ಬರಲ್ಲ ಅಂತ ಗೊತ್ತಾದ ಮೇಲೆ ಅವರು ಒಂದು ಖುರ್ಚಿಗೆ ಮೂರು ಆಫರ್ ಕೊಡೋಕೆ ಶುರು ಮಾಡಿದ್ರು. ಜೊತೆಗೆ ಅದೇ ಒಂದು ಖುರ್ಚಿಯನ್ನ ನಮ್ಮಂಥ ನಾಲ್ಕು ಏಜೆನ್ಸಿಗೆ ಕೊಡ್ತಾರೆ. ನಾಲ್ಕೂ ಏಜೆನ್ಸಿ ಅದನ್ನ ಜಾಬ್ ಪೋರ್ಟಲ್‌ನಲ್ಲಿ ಹಾಕುತ್ತೆ. ಹೊರಗಿಂದ ನೋಡೋರಿಗೆ ನಾಲ್ಕು ಕೆಲಸ ಖಾಲಿ ಇದ್ದ ಹಾಗೆ ಕಾಣುತ್ತೆ. ಇರೋದು ಒಂದೇ. ನಾನೇ ಹಾಕ್ತಿದ್ದೆ ಆ ಜಾಹೀರಾತುಗಳನ್ನ. ಆಮೇಲೆ ಪೇಪರಲ್ಲಿ 'ಐಟಿ ವಲಯದಲ್ಲಿ ಪ್ರತಿಭೆಗಳ ತೀವ್ರ ಕೊರತೆ' ಅಂತ ಹೆಡ್‌ಲೈನ್ ಓದಿದಾಗ, ಆ ಲೆಕ್ಕದಲ್ಲಿ ನನ್ನ ಡಬಲ್ ಜಾಹೀರಾತುಗಳೂ ಸೇರಿರಬಹುದಲ್ಲ ಅಂತ ಅನ್ನಿಸ್ತಿತ್ತು.

ಹಾಗಂತ ಕೊರತೆ ಪೂರಾ ಸುಳ್ಳು ಅಂತ ನಾನು ಹೇಳ್ತಿಲ್ಲ. ಯಾವುದರ ಕೊರತೆ ಅನ್ನೋದು ಪ್ರಶ್ನೆ.

ನಾನು ಕಾಮರ್ಸ್‌ನವಳು, ನನಗೆ ಗೊತ್ತಿರೋ ಒಂದೇ ಅಳತೆಗೋಲು ಬೆಲೆ. 2023ರ ಜುಲೈ ನೆನಪಿದೆಯಾ? ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಿದ್ವಿ. ಅವತ್ತು ಟೊಮೆಟೊ ನಿಜವಾಗಿ ಕೊರತೆ ಇತ್ತು, ಬೆಲೆ ಅದನ್ನ ಹೇಳ್ತು. ಈಗ ಐಟಿ ಫ್ರೆಷರ್ ಬೆಲೆ ನೋಡಿ. 2010ರ ಆಸುಪಾಸಿನಲ್ಲಿ ದೊಡ್ಡ ಸರ್ವಿಸ್ ಕಂಪನಿಗಳು ಹೊಸಬರಿಗೆ ವರ್ಷಕ್ಕೆ 3 ಲಕ್ಷ, 3.25 ಲಕ್ಷ ಕೊಡ್ತಿದ್ವು. ಈಗಲೂ ಸಾಮಾನ್ಯ ಹುದ್ದೆಗೆ 3.3ರಿಂದ 3.6 ಲಕ್ಷದ ಮಧ್ಯೆ ಇದೆ. ಕೋಡಿಂಗ್ ಸ್ಪರ್ಧೆ ಗೆದ್ದವರಿಗೆ ಬೇರೆ ಲೆಕ್ಕ, ಅವರು ಕೆಲವೇ ಜನ. ಈ ಹದಿನೈದು ವರ್ಷದಲ್ಲಿ ಮಸಾಲೆ ದೋಸೆ ಎಷ್ಟಾಯ್ತು, ಬಿಟಿಎಂ ಲೇಔಟ್ ಪಿಜಿ ಬಾಡಿಗೆ ಎಷ್ಟಾಯ್ತು, ನೀವೇ ಲೆಕ್ಕ ಹಾಕಿ. ಬೆಲೆ ಏರಿಲ್ಲ ಅಂದ್ರೆ ಆ ಸರಕಿಗೆ ಕೊರತೆ ಇಲ್ಲ. ಹೊಸಬರು ಬೇಕಾದಷ್ಟು ಇದ್ದಾರೆ ಅಂತ ಕಂಪನಿಗಳಿಗೂ ಗೊತ್ತು.

ಕೊರತೆ ಇರೋದು ನಡುವಿನ ಒಂದು ಸಣ್ಣ ಕಿಟಕಿಯಲ್ಲಿ. ಹೆಚ್ಚುಕಡಿಮೆ ನಾಲ್ಕರಿಂದ ಒಂಬತ್ತು ವರ್ಷ ಅನುಭವ. ಕೆಲಸ ಕಲಿತಿರಬೇಕು, ಸಂಬಳ ಇನ್ನೂ ಮೇಲೆ ಹೋಗಿರಬಾರದು. ಕ್ಲೌಡ್, ಸೈಬರ್ ಸೆಕ್ಯುರಿಟಿ, ಡೇಟಾ, ಚಿಪ್ ಡಿಸೈನ್, ಈಗ ಎಐ, ಇಲ್ಲೆಲ್ಲ ಆ ಕಿಟಕಿಯವರಿಗೆ ಹೊಡೆದಾಟ. ಕಿಟಕಿಯಿಂದ ಆಚೆ ಹೋದವರ ಕಥೆ ಬೇರೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಶೇಕಡ 2ರಷ್ಟು, ಅಂದ್ರೆ ಸುಮಾರು 12 ಸಾವಿರ ಜನರನ್ನ ಕಡಿಮೆ ಮಾಡ್ತೀವಿ ಅಂತ ಘೋಷಿಸ್ತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಎಐ ಕಾರಣ ಅಲ್ಲ, ಕೌಶಲ ಹೊಂದ್ತಿಲ್ಲ ಅನ್ನೋದು ಕಂಪನಿಯ ಮುಖ್ಯಸ್ಥರ ವಿವರಣೆ. ಅದಕ್ಕೂ ಮುಂಚೆ ಜೂನ್‌ನಲ್ಲೇ ಅಲ್ಲಿ ಬೆಂಚ್ ನಿಯಮ ಬಿಗಿ ಆಗಿತ್ತು, ವರ್ಷಕ್ಕೆ 225 ದಿನ ಗ್ರಾಹಕರ ಬಿಲ್ಲಿಗೆ ಬರೋ ಕೆಲಸದಲ್ಲಿ ಇರಬೇಕು, ಬೆಂಚ್ ಮೇಲೆ 35 ದಿನಕ್ಕಿಂತ ಹೆಚ್ಚು ಕೂರೋ ಹಾಗಿಲ್ಲ ಅಂತ. ನಮ್ಮ ಕಡೆ ಹೆಣ್ಣು ನೋಡೋಕೆ ಬಂದವರು ವಯಸ್ಸು ಕೇಳ್ತಾರಲ್ಲ, ಜಾಸ್ತಿನೂ ಇರಬಾರದು ಕಮ್ಮಿನೂ ಇರಬಾರದು, ಹಾಗೇ ಇದು.

ಸರಿ, ಆ ಕಿಟಕಿಯಲ್ಲಿರೋ ಆರು ವರ್ಷ ಅನುಭವದವರು ಎಲ್ಲಿಂದ ಬರ್ತಾರೆ? ಆರು ವರ್ಷದ ಹಿಂದೆ ಯಾರೋ ಒಬ್ಬ ಫ್ರೆಷರ್‌ನ ತಗೊಂಡು, ಆರು ತಿಂಗಳು ಸಂಬಳ ಕೊಟ್ಟು ಕಲಿಸಿದ್ರೆ ಮಾತ್ರ ಬರ್ತಾರೆ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ ಇದ್ದದ್ದೇ ಇದಕ್ಕೆ. ಮೆಕ್ಯಾನಿಕಲ್, ಸಿವಿಲ್ ಓದಿದವರಿಗೂ ಅಲ್ಲಿ ಜಾವಾ ಕಲಿಸಿದ್ರು. ನಮ್ಮ ಪರಿಚಯದ ಎಷ್ಟೋ ಮನೆಗಳಲ್ಲಿ ಮೊದಲ ಐಟಿ ಸಂಬಳ ಬಂದದ್ದು ಈ ದಾರಿಯಲ್ಲಿ.

ಆದ್ರೆ ಕಲಿಸೋನಿಗೆ ಒಂದು ಸಮಸ್ಯೆ. ಕಲಿಸೋಕೆ ದುಡ್ಡು ಹಾಕಿದ್ದು ಇವನು, ಎರಡು ವರ್ಷಕ್ಕೆ ಎತ್ಕೊಂಡು ಹೋಗೋದು ಅವನು. ಆ 'ಅವನು' ಇವತ್ತು ಬಹಳ ಸಲ ಜಿಸಿಸಿ. ಅಂದ್ರೆ ವಿದೇಶಿ ಬ್ಯಾಂಕು, ರಿಟೇಲ್, ಕಾರು ಕಂಪನಿಗಳು ಇಲ್ಲಿ ತಾವೇ ತೆರೆದಿರೋ ಟೆಕ್ ಆಫೀಸುಗಳು. 2024ರ ನ್ಯಾಸ್ಕಾಮ್-ಜಿನೋವ್ ವರದಿ ಪ್ರಕಾರ ದೇಶದಲ್ಲಿ 1,700ಕ್ಕೂ ಹೆಚ್ಚು ಇವೆ, ಸುಮಾರು 19 ಲಕ್ಷ ಜನ ಕೆಲಸ ಮಾಡ್ತಾರೆ, ಸುಮಾರು ಶೇಕಡ 30ರಷ್ಟು ಕೇಂದ್ರಗಳು ಬೆಂಗಳೂರಲ್ಲೇ ಇವೆ. ಕರ್ನಾಟಕ ಸರ್ಕಾರ ಇವುಗಳಿಗೇ ಅಂತ ಪ್ರತ್ಯೇಕ ನೀತಿ ಮಾಡಿ 2029ರ ಹೊತ್ತಿಗೆ ಇನ್ನೂ 500 ತರ್ತೀವಿ, ಮೂರೂವರೆ ಲಕ್ಷ ಕೆಲಸ ಹುಟ್ಟುತ್ತೆ ಅಂದಿದೆ. ಒಳ್ಳೇದೇ. ಸಂಬಳ ಚೆನ್ನಾಗಿ ಕೊಡ್ತಾರೆ, ಕೆಲಸಾನೂ ಚೆನ್ನಾಗಿರುತ್ತೆ. ಆದ್ರೆ ನಾಲ್ಕು ವರ್ಷದಲ್ಲಿ ನನ್ನ ಹತ್ತಿರ ಬಂದ ಜಿಸಿಸಿ ಹುದ್ದೆಗಳಲ್ಲಿ ಅನುಭವ ಕೇಳದೇ ಇದ್ದದ್ದು ಬೆರಳೆಣಿಕೆ. ಎಲ್ಲರಿಗೂ ಬೆಂದ ಅನ್ನ ಬೇಕು, ಒಲೆ ಹಚ್ಚೋಕೆ ಯಾರಿಗೂ ಇಷ್ಟ ಇಲ್ಲ.

2022 ಮುಗೀತಿದ್ದ ಹಾಗೆ ಆ ಒಲೆಯೂ ಆರಿತು. ಅಮೆರಿಕದಲ್ಲಿ ಬಡ್ಡಿ ಏರಿತು, ಅಲ್ಲಿನ ಕ್ಲೈಂಟ್‌ಗಳು ಖರ್ಚು ಬಿಗಿ ಮಾಡಿದ್ರು. 2023-24ರಲ್ಲಿ ಟಿಸಿಎಸ್ ಸಿಬ್ಬಂದಿ 13,249, ಇನ್ಫೋಸಿಸ್ ಸಿಬ್ಬಂದಿ 25,994 ಕಡಿಮೆ ಆಯ್ತು. ವಿಪ್ರೊದಲ್ಲೂ 24 ಸಾವಿರಕ್ಕಿಂತ ಜಾಸ್ತಿ. ಎಲ್ಲರನ್ನೂ ತೆಗೆದುಹಾಕಿದ್ರು ಅಂತಲ್ಲ ಇದು, ಹೋದವರ ಜಾಗಕ್ಕೆ ಹೊಸಬರನ್ನ ತಗೊಳ್ಳಲಿಲ್ಲ. ನನ್ನ ಏಜೆನ್ಸಿಯಲ್ಲೂ ಬಿಳಿ ಬೋರ್ಡ್ ಖಾಲಿ ಆಯ್ತು. 2023ರಲ್ಲಿ ನಾನು ಕೆಲಸ ಬಿಟ್ಟೆ. ಬಿಟ್ಟೆ ಅನ್ನೋದು ಮರ್ಯಾದೆಯ ಮಾತು. ಹಾಗೆ ಈ ಪಾಡ್‌ಕಾಸ್ಟ್ ಶುರು ಆಯ್ತು.

ಅರ್ಥಶಾಸ್ತ್ರದಲ್ಲಿ ಕಾಬ್‌ವೆಬ್ ಅಂತ ಒಂದು ಮಾದರಿ ಇದೆ, ಜೇಡರ ಬಲೆ. ಕ್ಲಾಸಲ್ಲಿ ಓದಿದಾಗ ಪರೀಕ್ಷೆಗೆ ಉರು ಹೊಡೆದಿದ್ದೆ ಅಷ್ಟೇ. ಕೋಲಾರದ ರೈತ ಇವತ್ತಿನ ಟೊಮೆಟೊ ಬೆಲೆ ನೋಡಿ ನಾಟಿ ಮಾಡ್ತಾನೆ. ಹಣ್ಣು ಬರೋದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಪಕ್ಕದ ಹೊಲದವನೂ ಅದನ್ನೇ ಹಾಕಿರ್ತಾನೆ, ಬೆಲೆ ಬಿದ್ದುಹೋಗುತ್ತೆ. 2023ರಲ್ಲೇ ನೋಡಿದ್ವಲ್ಲ, ಜುಲೈನಲ್ಲಿ ಬಂಗಾರ, ಸೆಪ್ಟೆಂಬರ್‌ಗೆ ನೆಲ ಕಚ್ಚಿತು. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲೇ ಇದೇ ಮಾದರಿಯನ್ನ ಎಂಜಿನಿಯರ್‌ಗಳ ಮಾರುಕಟ್ಟೆಗೆ ಹಚ್ಚಿ ಬರೆದಿದ್ರು. ಎಂಜಿನಿಯರ್ ಬೆಳೆ ನಾಲ್ಕು ವರ್ಷದ್ದು, ಅದೇ ವ್ಯತ್ಯಾಸ.

2021ರಲ್ಲಿ ಪಿಯುಸಿ ಮುಗಿಸಿದ ಹುಡುಗ ಹುಡುಗಿಯರು ಸುತ್ತ ಏನು ನೋಡಿದ್ರು? ಎರಡು ವರ್ಷ ಅನುಭವದ ಅಣ್ಣಂದಿರು ಸಂಬಳ ಡಬಲ್ ಮಾಡ್ಕೊಂಡು ಬೈಕ್ ತಗೊಂಡಿದ್ದನ್ನ. ಎಲ್ಲರೂ ಕಂಪ್ಯೂಟರ್ ಸೈನ್ಸ್‌ಗೆ ಓಡಿದ್ರು. ಅವರು ಹೊರಗೆ ಬಂದಿದ್ದು 2025ರಲ್ಲಿ, ಸಂತೆ ಮುಗಿದ ಮೇಲೆ. ಇದರ ಮಧ್ಯೆ 2024-25ರಿಂದ ಎಐಸಿಟಿಇ ಒಂದು ಬ್ರಾಂಚ್‌ಗೆ ಇಷ್ಟೇ ಸೀಟು ಅನ್ನೋ ಮಿತಿಯನ್ನೂ ತೆಗೀತು. ಚೆನ್ನಾಗಿರೋ ಕಾಲೇಜು ಸೌಲಭ್ಯ ತೋರಿಸಿ ಎಷ್ಟು ಬೇಕಾದ್ರೂ ಕಂಪ್ಯೂಟರ್ ಸೈನ್ಸ್ ಸೀಟು ಕೇಳಬಹುದು. ಆ ಬೆಳೆ ಕಟಾವಿಗೆ ಬರೋದು 2028ಕ್ಕೆ. ಅದೇ 2028, 29ರಲ್ಲಿ ನನ್ನ ಹಳೇ ಸಹೋದ್ಯೋಗಿ ಮತ್ತೆ 'ಐದು ವರ್ಷ ಅನುಭವದವರು ಯಾರೂ ಸಿಗ್ತಿಲ್ಲ' ಅಂತ ಮೆಸೇಜ್ ಹಾಕ್ತಾಳೆ, ನನಗೆ ಅನುಮಾನವೇ ಇಲ್ಲ. ಯಾಕಂದ್ರೆ ಆಗ ಐದು ವರ್ಷ ಆಗಿರಬೇಕಾದವರನ್ನ 2023, 24ರಲ್ಲಿ ಯಾರೂ ಸರಿಯಾಗಿ ತಗೊಂಡೇ ಇಲ್ಲ.

ಅದರಲ್ಲಿ ಒಬ್ಬ ನನ್ನ ತಮ್ಮ. ಅವನ ವಿಷಯಕ್ಕೆ ಬರ್ತೀನಿ.

ಅವನಿಗೆ ಫೈನಲ್ ಇಯರ್‌ನಲ್ಲಿ ಕ್ಯಾಂಪಸ್ ಆಯ್ಕೆ ಆಗಿತ್ತು. 3.6 ಲಕ್ಷ. ಚಿಕ್ಕಮ್ಮ ಊರಿಗೆಲ್ಲ ಪೇಡೆ ಹಂಚಿದ್ರು. ಸೇರೋ ದಿನಾಂಕ ಆಮೇಲೆ ತಿಳಿಸ್ತೀವಿ ಅಂತ ಮೇಲ್ ಬಂತು. ಮೂರು ತಿಂಗಳಿಗೆ ಇನ್ನೊಂದು ಮೇಲ್, 'ವ್ಯವಹಾರದ ಅಗತ್ಯ ನೋಡಿ ತಿಳಿಸ್ತೀವಿ.' ಮಧ್ಯದಲ್ಲಿ ಒಂದು ಆನ್‌ಲೈನ್ ಕೋರ್ಸ್ ಮಾಡಿ ಅಂದ್ರು, ಮಾಡಿದ. ಪರೀಕ್ಷೆ ಬರೀರಿ ಅಂದ್ರು, ಬರೆದ. ಎರಡು ವರ್ಷ ಹೀಗೇ. ಯುವನಿಧಿಗೆ ಅರ್ಜಿ ಹಾಕಿದ್ದ, ತಿಂಗಳಿಗೆ 3,000 ರೂಪಾಯಿ ಬರ್ತಿತ್ತು. ಆ ದುಡ್ಡಲ್ಲಿ ಮೊಬೈಲ್ ರೀಚಾರ್ಜು, ಬೆಂಗಳೂರಿಗೆ ಇಂಟರ್‌ವ್ಯೂಗೆ ಬರೋ ಬಸ್ ಚಾರ್ಜು. ಈಗ ಬೇರೆ ಕಂಪನಿಗೆ ಅರ್ಜಿ ಹಾಕಿದ್ರೆ '2025 ಬ್ಯಾಚ್ ಮಾತ್ರ' ಅಂತಾರೆ. ಕಾಯಿಸಿದವರು ಅವರು, ಹಳಸಿದವನು ಇವನು.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಮಾಡಬೇಕು. ಆ ಫಿಲ್ಟರ್ ನಾನೂ ಹಾಕಿದ್ದೀನಿ. ಕ್ಲೈಂಟ್ ಹೇಳ್ತಿದ್ರು: ಎಸ್ಸೆಸ್ಸೆಲ್ಸಿಯಿಂದ 60 ಪರ್ಸೆಂಟ್ ಇರಬೇಕು, ಒಂದು ವರ್ಷಕ್ಕಿಂತ ಹೆಚ್ಚು ಗ್ಯಾಪ್ ಇರಬಾರದು, ಇಂಥ ಬ್ಯಾಚ್ ಬಿಟ್ಟು ಬೇರೆ ಬೇಡ. ನಾನು ಮೂರು ಬಾಕ್ಸ್ ಟಿಕ್ ಮಾಡ್ತಿದ್ದೆ. ಪರದೆ ಮೇಲೆ ನಾಲ್ಕು ಸಾವಿರ ರೆಸ್ಯೂಮೆ ಇದ್ದದ್ದು ಇನ್ನೂರ ಹತ್ತು ಆಗ್ತಿತ್ತು. ಉಳಿದ ಮೂರು ಸಾವಿರ ಚಿಲ್ಲರೆ ಜನರ ಹೆಸರನ್ನ ನಾನು ಓದಿಯೂ ಇಲ್ಲ. ಅವರಲ್ಲಿ ಯಾರದ್ದೋ ಅಪ್ಪನಿಗೆ ಹುಷಾರಿಲ್ಲದೆ ಗ್ಯಾಪ್ ಆಗಿರಬಹುದು. ನನಗೇನು ಗೊತ್ತು. ಇನ್ನೂರ ಹತ್ತರಲ್ಲಿ ಫೋನ್ ಎತ್ತಿದವರು ಅರವತ್ತು. ಸಂಜೆ ಕ್ಲೈಂಟ್‌ಗೆ ಮೇಲ್ ಹಾಕ್ತಿದ್ದೆ, 'ಮಾರ್ಕೆಟ್‌ನಲ್ಲಿ ಟ್ಯಾಲೆಂಟ್ ತುಂಬಾ ಕಮ್ಮಿ ಇದೆ ಸರ್.'

2024ರ ಜುಲೈನಲ್ಲಿ ಸ್ಥಳೀಯರಿಗೆ ಮೀಸಲಾತಿ ಮಸೂದೆ ಗಲಾಟೆ ಆಯ್ತಲ್ಲ, ಆಡಳಿತ ಹುದ್ದೆಗೆ 50, ಉಳಿದದ್ದಕ್ಕೆ 70 ಪರ್ಸೆಂಟ್ ಅಂತ, ಉದ್ಯಮದವರು ವಿರೋಧಿಸಿದ ಮೇಲೆ ತಡೆಹಿಡಿದ್ರಲ್ಲ. ಆಗ ಟಿವಿಯಲ್ಲಿ ಎರಡು ವಾರ ಕನ್ನಡದವರಿಗೆ ಸ್ಕಿಲ್ ಇದೆಯಾ ಇಲ್ವಾ ಅಂತ ಕೂಗಾಡಿದ್ರು. ಈ ಮೂರು ಬಾಕ್ಸ್ ಬಗ್ಗೆ ಯಾರೂ ಮಾತಾಡಲಿಲ್ಲ. ನನ್ನ ತಮ್ಮನನ್ನ ತಡೆದಿದ್ದು ಭಾಷೆಯೂ ಅಲ್ಲ, ಊರೂ ಅಲ್ಲ, 2023 ಅನ್ನೋ ನಾಲ್ಕು ಅಂಕಿ.

ಈಗ ಆ ವಾಟ್ಸಾಪ್ ದಿನಕ್ಕೆ ವಾಪಸ್. ರೆಫರ್ ಮಾಡು ಅಂದವನು ರಾತ್ರಿ ಫೋನ್ ಮಾಡಿದ. 'ಅಕ್ಕಾ, ಇಲ್ಲೊಂದು ಕೋಚಿಂಗ್ ಇದೆ. ಅರವತ್ತು ಸಾವಿರಕ್ಕೆ ಎರಡು ವರ್ಷದ ಅನುಭವ ಪತ್ರ, ಪೇ ಸ್ಲಿಪ್ ಎಲ್ಲಾ ಕೊಡ್ತಾರೆ. ನನ್ನ ರೂಮ್‌ಮೇಟ್‌ಗೆ ಹಂಗೇ ಆಯ್ತು. ನೀನು ರಿಕ್ರೂಟರ್ ಆಗಿದ್ದೆ, ಸಿಕ್ಕಿಹಾಕ್ಕೊಳ್ತೀನಾ ಹೇಳು.'

ಅನುಭವ ಅನ್ನೋದೇ ಕೊರತೆ ಇರೋ ಸರಕು ಆದಾಗ ಅದರ ನಕಲಿ ಮಾಲು ಹುಟ್ಟೋದು ಸಹಜ. ನಾನು ವಿಡಿಯೋ ಇಂಟರ್‌ವ್ಯೂನಲ್ಲಿ ಬೇರೆಯವರು ಉತ್ತರ ಹೇಳಿ, ಇವನು ತುಟಿ ಆಡಿಸೋದನ್ನೂ ನೋಡಿದ್ದೀನಿ. ಹಾಗಾಗಿ ಅವನಿಗೆ ನೇರವಾಗಿ ಹೇಳಿದೆ, ಸಿಕ್ಕಿಹಾಕ್ಕೊಳ್ತೀಯ. ದೊಡ್ಡ ಕಂಪನಿಗಳ ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್ ಖಾತೆಯ ಇತಿಹಾಸ ನೋಡ್ತಾರೆ. ಯಾವ ಕಂಪನಿ ಯಾವ ತಿಂಗಳು ನಿನ್ನ ಹೆಸರಲ್ಲಿ ದುಡ್ಡು ಕಟ್ಟಿದೆ ಅಂತ ಯುಎಎನ್ ನಂಬರ್‌ನಲ್ಲೇ ಇರುತ್ತೆ. ಪೇ ಸ್ಲಿಪ್ ಪ್ರಿಂಟ್ ಮಾಡಬಹುದು, ಅದನ್ನ ಮಾಡೋಕಾಗಲ್ಲ. ಸೇರಿ ಎಂಟು ತಿಂಗಳಾದ ಮೇಲೆ ಎಬ್ಬಿಸಿ ಕಳಿಸಿದವರನ್ನ ನಾನು ನೋಡಿದ್ದೀನಿ. ನೀವು ಯಾರಾದ್ರೂ ಕೇಳ್ತಿದ್ರೆ, ನಿಮಗೂ ಇದೇ ಮಾತು. ಅರವತ್ತು ಸಾವಿರ ಇದ್ರೆ ಮನೆಯಲ್ಲಿ ಕೊಡಿ.

ಅವನು ಸುಮ್ಮನಿದ್ದ. ಆಮೇಲೆ ಕೇಳಿದ, 'ಸರಿ, ನಿಜ ಹೇಳಿದ್ರೆ ನಿನ್ನಂಥೋರು ನನ್ನ ರೆಸ್ಯೂಮೆ ಓದ್ತಾರಾ?'

ನಾನು ಓದಲ್ಲ ಅಂತ ಹೇಳಿದೆ. ಇನ್ನೇನು ಹೇಳಲಿ.

ಆದ್ರೆ ಫಿಲ್ಟರ್ ಇಲ್ಲದ ಕಡೆ ಹುಡುಕು ಅಂದೆ. ಪೋರ್ಟಲ್ ಬಿಡು, ಇಪ್ಪತ್ತು ಮೂವತ್ತು ಜನ ಇರೋ ಕಂಪನಿಗಳಿಗೆ ನೇರವಾಗಿ ಬರೆ, ನೀನು ಮಾಡಿರೋ ಒಂದು ಕೆಲಸ ಓಡೋ ಹಾಗೆ ತೋರಿಸು ಅಂದೆ. ಇದೂ ಎಲ್ಲರಿಗೂ ಆಗೋ ಮಾತಲ್ಲ, ಗೊತ್ತು. ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಆಫೀಸು, ಅಂಗಡಿಯವರಿಗೆ ಬಿಲ್ಲಿಂಗ್ ಮತ್ತು ಜಿಎಸ್‌ಟಿ ಸಾಫ್ಟ್‌ವೇರ್ ಮಾಡ್ತಾರೆ. ಅಲ್ಲಿನ ಮಾಲೀಕರು ಅವನ ಬ್ಯಾಚ್ ಯಾವುದು ಅಂತ ಕೇಳಲಿಲ್ಲವಂತೆ, ಒಂದು ಸಮಸ್ಯೆ ಕೊಟ್ಟು ಸಂಜೆವರೆಗೆ ಕೂರಿಸಿದ್ರಂತೆ. ಜಿಎಸ್‌ಟಿ ಅರ್ಥ ಆಗದೆ ನನಗೆ ಫೋನ್ ಮಾಡಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಅಂದ್ರೇನು ಅಂತ ಕೇಳಿದ. ನನ್ನ ಬಿಕಾಂ ಮೊದಲ ಸಲ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂತು.

ಸಂಬಳ ತಿಂಗಳಿಗೆ ಹದಿನೈದು ಸಾವಿರ. ಯುವನಿಧಿ ನಿಂತಿತು. 'ಇಷ್ಟಕ್ಕಾ ಎಂಜಿನಿಯರಿಂಗ್ ಓದ್ಸಿದ್ದು' ಅಂತ ಚಿಕ್ಕಮ್ಮ ಈಗಲೂ ಫೋನಲ್ಲಿ ಅಂತಾರೆ, ಅವರ ಮಾತಲ್ಲಿ ತಪ್ಪೇನೂ ಇಲ್ಲ. ಆ ಹಳೇ ಆಫರ್ ಕಂಪನಿಯಿಂದ ಇನ್ನೂ ಮೇಲ್ ಬಂದಿಲ್ಲ.

ಮೊನ್ನೆ ರಾತ್ರಿ ಅವನು ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಪಿಎಫ್ ಆ್ಯಪ್‌ನದು. ಅವನ ಹೆಸರು, ಹನ್ನೆರಡು ಅಂಕಿಯ ಯುಎಎನ್ ನಂಬರ್, ಕೆಳಗೆ ಒಂದೇ ಒಂದು ತಿಂಗಳ ಎಂಟ್ರಿ. ಕೆಳಗೆ ಬರೆದಿದ್ದ: 'ಅಕ್ಕಾ, ಒಂದು ತಿಂಗಳು ಅನುಭವ. ಒರಿಜಿನಲ್.'

ಇದಿಷ್ಟು ಈ ವಾರದ್ದು. ನಿಮಗೂ ಆಫರ್ ಬಂದು ಕಾಯ್ತಿದ್ರೆ, ಎಷ್ಟು ತಿಂಗಳಾಯ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ, ಕಂಪನಿ ಹೆಸರು ಬೇಡ. ಮುಂದಿನ ಸಂಚಿಕೆಯಲ್ಲಿ ಸಿಟಿಸಿ ಅನ್ನೋ ಮೂರಕ್ಷರದಲ್ಲಿ ಕೈಗೆ ಬರೋದೆಷ್ಟು, ಬರೀ ಕಾಗದದ ಮೇಲೆ ಇರೋದೆಷ್ಟು ಅಂತ ಒಂದು ಆಫರ್ ಲೆಟರ್ ಇಟ್ಕೊಂಡು ಸಾಲು ಸಾಲಾಗಿ ಓದೋಣ. ಸಿಗೋಣ.